ಹಾರ್ಮೋನಿಯಂ ಮತ್ತು ಪಿಯಾನೊ ಶಿಕ್ಷಣದಲ್ಲಿ ಮನೋಧರ್ಮದ ಸ್ಥಾನ

ಸಂಗೀತವನ್ನು ಕಲ್ಪಿತವೆಂದೂ ಕಲ್ಪನೆಯೆಂದೂ ವಿಂಗಡಿಸುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ವಾಗ್ಗೇಯಕಾರನು ಕಟ್ಟಿಟ್ಟುದು ಕಲ್ಪಿತ. ಹಾಡುವವನು ಆ ಗಳಿಗೆಯಲ್ಲಿ ತಾನೇ ಹುಟ್ಟಿಸುವುದು ಕಲ್ಪನೆ, ಅಂದರೆ ಮನೋಧರ್ಮ. ಈ ವಿಂಗಡಣೆಯಲ್ಲಿ ದೋಷವೇನೂ ಇಲ್ಲ. ಆದರೆ ಪಾಠಕ್ರಮವೂ ಇದನ್ನೇ ಅನುಸರಿಸಿ, ಮೊದಲ ಕೆಲವು ವರ್ಷ ಕಲ್ಪಿತವನ್ನು ಮಾತ್ರ ಹೇಳಿಕೊಟ್ಟು ಮನೋಧರ್ಮವನ್ನು ಮುಂದೂಡುವುದು ಯುಕ್ತವೆ? ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ಎಂಬ ಸೋಪಾನವನ್ನು ಏರಿದ ಮೇಲೆಯೇ ಕಲ್ಪನಾಸ್ವರದ ಮಾತು. ಅಷ್ಟರೊಳಗೆ ಬರೆದುಕೊಟ್ಟುದನ್ನು ಬಿಟ್ಟು ಒಂದು ಹೆಜ್ಜೆ ಇಡುವ ಧೈರ್ಯವೇ ಅನೇಕ ವಿದ್ಯಾರ್ಥಿಗಳಲ್ಲಿ ಉಳಿದಿರುವುದಿಲ್ಲ. ಈ ವಿಳಂಬವು ಅನಾವಶ್ಯಕವೆಂದೂ, ಮನೆಗಳುಳ್ಳ ವಾದ್ಯಗಳಲ್ಲಿ, ಎಂದರೆ ಹಾರ್ಮೋನಿಯಂ ಪಿಯಾನೊಗಳಲ್ಲಿ, ಅದನ್ನು ಮೊದಲ ವರ್ಷವೇ ನೀಗಿಸಬಹುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪಿಯಾನೊ ಕನ್ನಡನಾಡಿಗೆ ಅಪರಿಚಿತವಲ್ಲ. ವೀಣೆ ಶೇಷಣ್ಣನವರು ಅದನ್ನೂ ನುಡಿಸಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರು ಅದರಲ್ಲಿ ಕ್ರಮವಾದ ಶಿಕ್ಷಣ ಪಡೆದು, ಅನಂತರ ಕರ್ನಾಟಕ ಪದ್ಧತಿಯ ಕೃತಿಗಳನ್ನೂ ರಚಿಸಿದರು. ಆದರೆ ಅದು ಅರಮನೆಯ ಮಾತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳಲ್ಲಿ ಮನೆಗಳುಳ್ಳ ವಾದ್ಯವೆಂದರೆ ಮೊದಲಿನಿಂದಲೂ ಹಾರ್ಮೋನಿಯಂ. ಈಚೆಗೆ ಅದರ ಜೊತೆಗೆ ವಿದ್ಯುತ್ತಿನ ಕೀಬೋರ್ಡ್ ಬಂದಿದೆ. ಮನೆಗಳ ಜೋಡಣೆ ಮೂರರಲ್ಲಿಯೂ ಒಂದೇ ಆದುದರಿಂದ ಇಲ್ಲಿನ ವಿಚಾರ ಮೂರಕ್ಕೂ ಸಲ್ಲುತ್ತದೆ.

ಈ ಪ್ರಾಂತದಲ್ಲಿ ಹಾರ್ಮೋನಿಯಂ ಬೆಳೆದುದು ಭಜನೆಯಲ್ಲಿ ಮತ್ತು ರಂಗದ ಮೇಲೆ. ನಾಟಕದ ಹಾರ್ಮೋನಿಯಂ ಮಾಸ್ತರರ ಕೆಲಸವನ್ನು ಗಮನಿಸಬೇಕು. ನಟನು ಕಂದಪದ್ಯವನ್ನು ಇದ್ದಕ್ಕಿದ್ದಂತೆ ಎಳೆಯುತ್ತಾನೆ. ಪಾತ್ರ ಒಳಗಿನಿಂದ ಬರುವುದು ತಡವಾಗುತ್ತದೆ. ಸಭೆ ‘ವನ್ಸ್ ಮೋರ್’ ಎಂದು ಕೂಗುತ್ತದೆ. ಆ ತೆರವನ್ನೆಲ್ಲ ರಾಗ ಕೆಡದಂತೆ ತುಂಬಿ, ತಾಳ ತಪ್ಪದಂತೆ ನಟನ ಕೈಗೆ ಪಲ್ಲವಿಯನ್ನು ಮರಳಿಸುವವರು ಮಾಸ್ತರರು. ಅವರು ಇದನ್ನು ಮನೋಧರ್ಮವೆಂದು ಕರೆಯದಿರಬಹುದು. ಆದರೆ ಇದು ಮನೋಧರ್ಮವೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರವೆಂಬ ತಿರುಗಾಟದ ತಂಡವು ಈ ಭಾಗದಲ್ಲಿ ರಂಗಸಂಗೀತದ ಅಗತ್ಯವನ್ನು ಜೀವಂತವಾಗಿರಿಸಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣನು ಇಂಥ ರಂಗದ ಬದಿಯಲ್ಲಿ ಕುಳಿತು, ನಟನು ಒಂದು ಸಾಲನ್ನು ಮತ್ತೆ ಹಿಡಿದೊಡನೆ ಕೈ ನಿಲ್ಲಿಸಿಬಿಟ್ಟರೆ, ತಪ್ಪು ತರುಣನದಲ್ಲ, ಪಾಠಕ್ರಮದ್ದು.

ಹಳ್ಳಿಯ ಹಾಡಿಕೆಯಲ್ಲಿಯೂ ಇದಕ್ಕೆ ಮಾದರಿ ಉಂಟು. ಸೋಬಾನೆಯಲ್ಲಿ ಒಬ್ಬಾಕೆ ಪದವನ್ನು ಎತ್ತಿಕೊಡುತ್ತಾಳೆ. ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಬದಲಾಗುವುದಿಲ್ಲ, ಪದವು ಸಂದರ್ಭಕ್ಕೆ ತಕ್ಕಂತೆ ಬೆಳೆಯುತ್ತದೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಆಳೆತ್ತರದ ಗಣೆಯ ನಾದದೊಡನೆ ಹಾಡುವಾಗಲೂ ಕಥೆಯ ಚೌಕಟ್ಟು ಸ್ಥಿರ, ವಿಸ್ತಾರ ಹಾಡುಗಾರನದು. ಎಳೆಯರು ಮೊದಲು ಸೊಲ್ಲು ಹಿಡಿದು, ಬಳಿಕ ಒಂದು ಸಾಲನ್ನು ತಾವೇ ಸೇರಿಸಿ, ಕ್ರಮೇಣ ಪದ ಎತ್ತುವವರಾಗುತ್ತಾರೆ. ಸ್ಥಿರವಾದುದನ್ನು ಗುಂಪು ಹಿಡಿದಿರುವುದರಿಂದಲೇ ಒಬ್ಬನಿಗೆ ಚಲಿಸುವ ಧೈರ್ಯ ಬರುತ್ತದೆ ಎಂಬ ಶಿಕ್ಷಣತತ್ತ್ವ ಇಲ್ಲಿ ಅಡಗಿದೆ.

ಪಾಶ್ಚಾತ್ಯರಲ್ಲಿ ಪಿಯಾನೊ ಎಂದರೆ ಅಚ್ಚಾದ ಪುಸ್ತಕ ನೋಡಿ ನುಡಿಸುವುದೇ ಎಂಬ ಭಾವನೆ ನಮ್ಮಲ್ಲಿದೆ. ಇದು ಪೂರ್ಣಸತ್ಯವಲ್ಲ. ಅಭ್ಯಾಸಪಾಠಗಳಿಗಾಗಿ ಹೆಸರಾದ ಚೆರ್ನಿಯೇ 1829ರಲ್ಲಿ ಆಶುವಾದನವನ್ನು ಕ್ರಮಬದ್ಧವಾಗಿ ಕಲಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ನೇಪಲ್ಸಿನ ಸಂಗೀತಶಾಲೆಗಳಲ್ಲಿ ಬಾಲಕರಿಗೆ ಮಂದ್ರದ ಸ್ವರಪಂಕ್ತಿಯೊಂದನ್ನು ಕೊಟ್ಟು, ಮೇಲಿನದನ್ನು ಅವರೇ ತುಂಬುವಂತೆ ಮಾಡುತ್ತಿದ್ದರು. ಅಲ್ಲಿಯೂ ಪದ್ಧತಿ ಅದೇ: ಒಂದು ಸ್ಥಿರ, ಒಂದು ಚರ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಾರ್ಮೋನಿಯಮ್ಮಿನ ಸ್ವರ ನಿಂತ ಸ್ವರ. ಅದಕ್ಕೆ ಕಂಪಿತವಿಲ್ಲ, ಜಾರು ಇಲ್ಲ. ಈ ಬಗೆಯ ಆಕ್ಷೇಪಗಳಿಂದಲೇ ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಭಾಗಶಃ ಸಡಿಲವಾದುದು 1971ರಲ್ಲಿ. ಆಕ್ಷೇಪ ನಿರಾಧಾರವಲ್ಲ. ತೋಡಿಯ ಗಾಂಧಾರವನ್ನು ಒಂದು ಮನೆಯಲ್ಲಿ ಒತ್ತಿ ಹಿಡಿದರೆ ತೋಡಿ ಉಳಿಯುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಈ ವಾದ್ಯದಲ್ಲಿ ಆಲಾಪನೆಯಿಂದ ಪ್ರಾರಂಭಿಸಬಾರದು ಎಂಬಷ್ಟೇ. ಮನೋಧರ್ಮಕ್ಕೆ ಗಮಕವೊಂದೇ ಅಂಗವಲ್ಲ. ಸ್ವರಗಳ ಜೋಡಣೆ, ಕಾಲದ ಹಂಚಿಕೆ, ಎಡುಪಿಗೆ ಸರಿಯಾಗಿ ಬಂದು ಸೇರುವಿಕೆ ಇವೂ ಅಂಗಗಳೇ. ಈ ಮೂರನ್ನೂ ಕಲ್ಪನಾಸ್ವರ ಕಲಿಸುತ್ತದೆ. ಮನೆಗಳುಳ್ಳ ವಾದ್ಯ ಇದಕ್ಕೆ ಅಡ್ಡಿಯಲ್ಲ. ಕಣ್ಣಿಗೆ ಕಾಣುವಂತೆ ಸ್ವರಗಳನ್ನು ಹರಡಿಟ್ಟು ಸಹಾಯವನ್ನೇ ಮಾಡುತ್ತದೆ.

ಎರಡು ನಿದರ್ಶನಗಳನ್ನು ನೋಡಬಹುದು. ಪ್ರಾರಂಭದ ಪಾಠಗಳಿಗೆ ಮಾಯಾಮಾಳವಗೌಳವನ್ನು ಆರಿಸಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ಸರಿಗಮ ಎಂಬುದು ಬಿಳಿ, ಕಪ್ಪು, ಬಿಳಿ, ಬಿಳಿ. ಪದನಿಸ ಎಂಬುದೂ ಬಿಳಿ, ಕಪ್ಪು, ಬಿಳಿ, ಬಿಳಿ. ಕೆಳಗಿನ ಅರ್ಧದಲ್ಲಿ ಗುರು ಒಂದು ಸಂಚಾರವನ್ನು ನುಡಿಸಿದರೆ ಶಿಷ್ಯನು ಅದೇ ಆಕೃತಿಯನ್ನು ಮೇಲಿನ ಅರ್ಧದಲ್ಲಿ ಉತ್ತರವಾಗಿ ನುಡಿಸಬಲ್ಲನು. ಸರಳೆ ಕಲಿತ ವಾರದಲ್ಲಿಯೇ ಇದು ಸಾಧ್ಯ.

ಎರಡನೆಯದು, ಕಪ್ಪು ಮನೆಗಳು ಐದೇ. ಕಪ್ಪು ಮೂರು ಷಡ್ಜವಾದರೆ ಆ ಐದರಿಂದ ಮೋಹನದ ಸ್ವರಗಳು ದೊರೆಯುತ್ತವೆ. ಕಪ್ಪು ನಾಲ್ಕಾದರೆ ಮಧ್ಯಮಾವತಿ, ಐದಾದರೆ ಹಿಂದೋಳ, ಒಂದಾದರೆ ಶುದ್ಧಸಾವೇರಿ, ಎರಡಾದರೆ ಶುದ್ಧಧನ್ಯಾಸಿ. ಗ್ರಹಭೇದವೆಂಬ ಗಹನ ವಿಷಯ ಶ್ರುತಿಯನ್ನು ಬದಲಾಯಿಸಿದ ಮಾತ್ರಕ್ಕೆ ಬೆರಳ ತುದಿಗೆ ಬರುತ್ತದೆ.

ಆದರೆ ಇಲ್ಲಿಯೇ ಒಂದು ಅಪಾಯವೂ ಇದೆ. ಕಪ್ಪು ಮನೆಗಳಲ್ಲಿ ಯಾವುದನ್ನು ಒತ್ತಿದರೂ ತಪ್ಪಿಲ್ಲವೆಂದು ಹೇಳಿ ಮಗುವನ್ನು ಸುಮ್ಮನೆ ಬಿಟ್ಟುಬಿಡುವ ಒಂದು ಸುಲಭೋಪಾಯ ಪ್ರಚಾರದಲ್ಲಿದೆ. ಇದನ್ನು ಒಪ್ಪಲಾಗದು. ತಪ್ಪುವುದಕ್ಕೆ ಅವಕಾಶವಿಲ್ಲದಲ್ಲಿ ಆಯ್ಕೆಗೂ ಅರ್ಥವಿಲ್ಲ, ಆಯ್ಕೆಯಿಲ್ಲದಲ್ಲಿ ಮನೋಧರ್ಮವಿಲ್ಲ. ಐದು ಸ್ವರಗಳಲ್ಲಿ ಅಲೆದಾಡುವುದು ವಿನೋದ; ಅಲೆದು ಸಕಾಲದಲ್ಲಿ ಮನೆಗೆ ಮರಳುವುದು ವಿದ್ಯೆ.

ಆದುದರಿಂದ ಕ್ರಮ ಹೀಗಿರಬಹುದು. ಆದಿತಾಳದಲ್ಲಿ, ಮೋಹನದ ಗಾಂಧಾರದಿಂದ ಎತ್ತುವ ಒಂದು ಪಲ್ಲವಿಯನ್ನು ತರಗತಿ ಒಟ್ಟಾಗಿ ನುಡಿಸಲಿ, ಇದೇ ಸೊಲ್ಲು. ಎಂಟು ಅಕ್ಷರಗಳಲ್ಲಿ ಕೊನೆಯ ನಾಲ್ಕನ್ನು ಒಬ್ಬ ವಿದ್ಯಾರ್ಥಿಗೆ ಬಿಟ್ಟುಕೊಡಲಿ. ಅವನ ಸಂಚಾರ ಗಾಂಧಾರದ ನೆರೆಯ ಸ್ವರದಲ್ಲಿ, ಎಂದರೆ ರಿಷಭದಲ್ಲಾಗಲಿ ಪಂಚಮದಲ್ಲಾಗಲಿ ಮುಗಿಯಬೇಕು: ‘ಗಪಗರಿ’ ಎಂದರೆ ಸೇರಿತು, ‘ಗಪದಸ’ ಎಂದರೆ ಸೇರಲಿಲ್ಲ. ಸೇರಿತೇ ಇಲ್ಲವೇ ಎಂಬುದನ್ನು ಗುರು ಹೇಳುವ ಮೊದಲೇ ಸಹಪಾಠಿಗಳ ಕಿವಿ ಹೇಳುತ್ತದೆ. ಇದು ಕೈವಶವಾದ ಮೇಲೆ ಒಂದು ಆವರ್ತ. ಅನಂತರ ಎಂಟನ್ನು ಮೂರು, ಮೂರು, ಎರಡಾಗಿ ಒಡೆಯುವ ಲೆಕ್ಕ. ಆಲಾಪನೆಯನ್ನು ಕಂಠದಲ್ಲಿಯೇ ಕಲಿಸಲಿ. ಗಮಕವನ್ನು ಕಿವಿ ಅಲ್ಲಿಂದ ತಿಳಿಯಲಿ.

ಅಭ್ಯಾಸಗಾನ ಸಡಿಲವಾಗುವುದಲ್ಲವೆ ಎಂದು ಹಿರಿಯ ಅಧ್ಯಾಪಕರು ಕೇಳಬಹುದು. ವಾಸ್ತವವಾಗಿ ಅಲಂಕಾರಗಳು ಒಂದು ಆಕೃತಿಯನ್ನು ಏಳು ತಾಳಗಳಲ್ಲಿ ಮಾರ್ಪಡಿಸುವ ಪಾಠಗಳೇ. ಮಾರ್ಪಡಿಸುವ ಕೆಲಸವನ್ನು ಶಿಷ್ಯನ ಕೈಗೂ ಸ್ವಲ್ಪ ಕೊಡಬೇಕೆಂಬುದಷ್ಟೇ ನಮ್ಮ ಸೂಚನೆ. ವಾರದ ಪಾಠದಲ್ಲಿ ಹತ್ತು ನಿಮಿಷ ಸಾಕು. ತನ್ನದೆಂಬ ನಾಲ್ಕು ಅಕ್ಷರಗಳನ್ನು ಕಂಡುಕೊಂಡವನು ಉಳಿದ ನಾಲ್ಕನ್ನು ಹೆಚ್ಚು ಶ್ರದ್ಧೆಯಿಂದ ಕಲಿಯುತ್ತಾನೆ. ಇದನ್ನು ಈ ಊರುಗಳ ಹಾಡುಗಾರ್ತಿಯರೂ ಹಾರ್ಮೋನಿಯಂ ಮಾಸ್ತರರೂ ಹಿಂದಿನಿಂದಲೇ ಬಲ್ಲರು. ನಮ್ಮ ಪಾಠಕ್ರಮಗಳು ಅವರಿಂದ ಕಲಿಯಬೇಕಾದುದು ಇನ್ನೂ ಉಳಿದಿದೆ.