ಸೋರುವ ಕಾರ್ಬೊರೇಟರ್: ರಿಪೇರಿಯೋ, ತೇಪೆಯೋ?

ಹುಲ್ಲು ಕತ್ತರಿಸುವ ಹಳೆಯ ಪೆಟ್ರೋಲ್ ಯಂತ್ರದ ಕಾರ್ಬೊರೇಟರ್ ಸೋರತೊಡಗಿದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಮೂರು ಬಗೆಯದು. ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಬಟ್ಟಲಿಗೆ ನಾಲ್ಕು ಸಲ ತಟ್ಟುವುದು ಒಂದು. ಸೋರುವ ಜಾಗಕ್ಕೆ ಅಂಟು ಮೆತ್ತಿ, ಬೋಲ್ಟನ್ನು ಇನ್ನೊಂದು ಸುತ್ತು ಬಿಗಿಯುವುದು ಎರಡು. ಇಡೀ ಕಾರ್ಬೊರೇಟರನ್ನೇ ಬಿಚ್ಚಿ ಗುಜರಿಗೆ ಹಾಕಿ ಹೊಸದನ್ನು ಕೂರಿಸುವುದು ಮೂರು. ಮೂರರಲ್ಲಿ ಯಾವುದು ಮಾಡಿದರೂ ಆ ಹೊತ್ತಿಗೆ ಹನಿ ನಿಲ್ಲಬಹುದು. ಪೆಟ್ರೋಲ್ ಯಾಕೆ ಹೊರಗೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಂದು ರಿಪೇರಿ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವುದಾದರೆ ನನ್ನ ಮಟ್ಟಿಗೆ ಆ ಪ್ರಶ್ನೆಯೇ ತಕ್ಕಡಿ.

ಮೊದಲು ವಿನ್ಯಾಸಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1893ರ ಹೊತ್ತಿಗೆ ಜರ್ಮನಿಯ ಮೇಬ್ಯಾಕ್ ಮತ್ತು ಹಂಗೇರಿಯ ಬಾಂಕಿ, ಚೋಂಕಾ ಜೋಡಿ ರೂಪಿಸಿದ ತತ್ವವೇ ಇಂದಿಗೂ ಈ ಪುಟ್ಟ ಎಂಜಿನ್‌ಗಳಲ್ಲಿ ದುಡಿಯುತ್ತಿದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಇದೂ ಹಾಗೆಯೇ. ಬಟ್ಟಲು ತುಂಬುತ್ತ ಬಂದಂತೆ ಫ್ಲೋಟ್ ಮೇಲೇಳುತ್ತದೆ, ಅದರ ಬೆನ್ನ ಮೇಲಿನ ನೀಡಲ್ ಸೀಟಿಗೆ ಹೋಗಿ ಕೂತು ಪೆಟ್ರೋಲನ್ನು ತಡೆಯುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ. ಆದರೆ ಹೆಚ್ಚಿನ ಹುಲ್ಲಿನ ಯಂತ್ರಗಳಲ್ಲಿ ಟ್ಯಾಂಕ್ ಕಾರ್ಬೊರೇಟರಿಗಿಂತ ಮೇಲಿರುವುದರಿಂದ ಎಂಜಿನ್ ನಿಂತ ಮೇಲೂ ಪೆಟ್ರೋಲಿನ ಒತ್ತಡ ನೀಡಲ್ ಮೇಲೆ ಇದ್ದೇ ಇರುತ್ತದೆ. ಅಗ್ಗದ ಮಾದರಿಗಳಲ್ಲಿ ನಡುವೆ ಒಂದು ಕಾಕ್ ಕೂಡ ಇರುವುದಿಲ್ಲ. ಇಡೀ ಟ್ಯಾಂಕಿನ ಹೊಣೆ ಅಕ್ಕಿಕಾಳಿನಷ್ಟು ರಬ್ಬರ್ ತುದಿಯ ಮೇಲೆ ಬೀಳುತ್ತದೆ. ಇದನ್ನು ವಿನ್ಯಾಸದ ಚಮತ್ಕಾರ ಎಂದು ಹೊಗಳುವವರು ತಯಾರಕರ ಜಿಪುಣತನವನ್ನೂ ಅದರ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಚಿಕಿತ್ಸೆಗಳ ವಿಚಾರ. ತಟ್ಟುವುದನ್ನು ಪೂರ್ತಿ ತಳ್ಳಿಹಾಕಲಾರೆ. ತಟ್ಟಿದ ಕೂಡಲೇ ಹನಿ ನಿಂತರೆ ನೀಡಲ್ ಸಿಕ್ಕಿಕೊಂಡಿತ್ತು ಅಥವಾ ಸೀಟಿನ ಮೇಲೆ ಕಸ ಕೂತಿತ್ತು ಎಂದು ಅರ್ಥ. ರೋಗ ಗುರುತಿಸಲು ಇದು ಸರಿಯಾದ ದಾರಿಯೇ. ಆದರೆ ಸರಿದ ಕಸ ಇನ್ನೂ ಬಟ್ಟಲಲ್ಲೇ ಇದೆ, ಇವತ್ತು ನೀಡಲ್ ಬಿಟ್ಟದ್ದು ನಾಳೆ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ಟಿಗೆ ಹೋಗುತ್ತದೆ.

ಅಂಟು ಮೆತ್ತುವುದು ಮಾತ್ರ ಶುದ್ಧ ಕೇಡು. ಪೆಟ್ರೋಲ್ ತಡೆಯದ ಅಂಟು ಕೆಲವೇ ವಾರಗಳಲ್ಲಿ ಕರಗಿ ಚೂರುಚೂರಾಗಿ ಒಳಗೆ ಸೇರುತ್ತದೆ. ಅತಿಯಾಗಿ ಬಿಗಿದ ಬೋಲ್ಟ್ ಮೆತ್ತನೆ ಲೋಹದ ಬಾಡಿಯ ಥ್ರೆಡ್ಡನ್ನೇ ತಿನ್ನುತ್ತದೆ. ಇವೆರಡಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಟ್ಟದ್ದು ನೀಡಲ್ ಆಗಿದ್ದು ನಾವು ಬಟ್ಟಲಿನ ಅಂಚನ್ನು ಮುಚ್ಚಿದರೆ, ತುಂಬಿ ಬಂದ ಪೆಟ್ರೋಲ್ ಸಿಲಿಂಡರಿಗೆ ನುಗ್ಗಿ, ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಹೊರತೆಗೆದಾಗ ಆಯಿಲ್ ಮಟ್ಟ ಹೆಚ್ಚಾಗಿದ್ದು, ನೀರಾಗಿ, ಪೆಟ್ರೋಲ್ ನಾತ ಹೊಡೆದರೆ ಆಗಿದ್ದು ಇದೇ. ಆಯಿಲ್ ಬದಲಿಸದೆ ಹಗ್ಗ ಎಳೆದು ಸ್ಟಾರ್ಟ್ ಮಾಡಿದವರ ಎಂಜಿನ್ ಹೆಚ್ಚು ದಿನ ಬಾಳುವುದಿಲ್ಲ. ಹೊರಗೆ ಹನಿದ ಪೆಟ್ರೋಲ್ ಕಣ್ಣಿಗಾದರೂ ಬೀಳುತ್ತದೆ, ಒಳಗೆ ಇಳಿದದ್ದು ಎಂಜಿನ್ ಜಾಮ್ ಆದ ಮೇಲೆಯೇ ತಿಳಿಯುವುದು.

ಹಾಗಾದರೆ ನೋಡಬೇಕಾದ್ದು ಏನು? ಪ್ಲಗ್ಗಿನ ವೈರ್ ಕಿತ್ತು, ಟ್ಯಾಂಕಿನ ಪೆಟ್ರೋಲ್ ಇಳಿಸಿ, ಬಟ್ಟಲು ಬಿಚ್ಚಿದರೆ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ತಳದಲ್ಲಿ ಕಂದು ತುಕ್ಕು ಕಂಡರೆ ನೀರು ಸೇರಿದೆ. ಹಳದಿಗಪ್ಪು ಜಿಗುಟು ಕಂಡರೆ ಪೆಟ್ರೋಲ್ ನಿಂತು ಹಾಳಾಗಿದೆ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ಏನಾದರೂ ಕುಲುಕಿದರೆ ಅದು ತೂತಾಗಿದೆ, ಇನ್ನು ತೇಲುವುದಿಲ್ಲ. ನೀಡಲಿನ ತುದಿಯ ಮೇಲೆ ಉಗುರು ಎಳೆದಾಗ ಸುತ್ತಲೂ ಒಂದು ಗೆರೆ ತಡೆದರೆ ಅದರ ಆಯುಷ್ಯ ಮುಗಿದಿದೆ. ಅಮೆರಿಕದ ಟೆಕುಮ್ಸೆ ಎಂಜಿನ್‌ಗಳ ಹಲವು ಕಾರ್ಬೊರೇಟರುಗಳಲ್ಲಿ ಇದು ತಿರುವುಮುರುವು: ನೀಡಲ್ ಲೋಹದ್ದು, ಸೀಟು ರಬ್ಬರಿನದು. ಆ ಸೀಟನ್ನು ಕೊಕ್ಕೆ ಮಾಡಿದ ಸಣ್ಣ ತಂತಿಯಿಂದ ಎಳೆದು ತೆಗೆದು, ಹೊಸದರ ಗೆರೆಯಿರುವ ಮುಖ ಒಳಕ್ಕೂ ನಯವಾದ ಮುಖ ನೀಡಲಿನ ಕಡೆಗೂ ಬರುವಂತೆ ಕೂರಿಸಬೇಕು. ಅದಲುಬದಲಾದರೆ ಹೊಸ ಸೀಟೇ ಸೋರುತ್ತದೆ. ಕೊನೆಯಲ್ಲಿ ಒಂದು ಪರೀಕ್ಷೆ. ಬಾಡಿಯನ್ನು ತಲೆಕೆಳಗೆ ಹಿಡಿದು ಪೆಟ್ರೋಲ್ ಬರುವ ನಳಿಗೆಯಲ್ಲಿ ಮೆಲ್ಲನೆ ಊದಬೇಕು. ಫ್ಲೋಟಿನ ಭಾರಕ್ಕೇ ಗಾಳಿ ತಡೆಯಬೇಕು, ಬೆರಳಿಂದ ಫ್ಲೋಟ್ ಎತ್ತಿದರೆ ಗಾಳಿ ಹಾಯಬೇಕು. ಇದಕ್ಕೆ ಬೇಕಾದ್ದು ಒಂದು ರಿಪೇರಿ ಕಿಟ್, ಒಂದಿಷ್ಟು ಬೆಳಕು, ಅರ್ಧ ಗಂಟೆ ತಾಳ್ಮೆ.

ಬಟ್ಟಲೂ ನೀಡಲೂ ಸರಿಯಿದ್ದೂ ಏರ್ ಫಿಲ್ಟರ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ, ಬ್ಲೇಡಿಗೆ ಮೆತ್ತಿದ ಹುಲ್ಲು ಕೆರೆಯಲು ಯಂತ್ರವನ್ನು ಯಾವ ಮಗ್ಗುಲಿಗೆ ಮಲಗಿಸಿದರು ಎಂದು ವಿಚಾರಿಸಬೇಕು. ಫಿಲ್ಟರಿನ ಬದಿ ಕೆಳಗೆ ಹೋದರೆ ಕಾರ್ಬೊರೇಟರಿನದೇನೂ ತಪ್ಪಿರದೆಯೂ ಅದು ಸೋರುತ್ತದೆ.

ಹೊಸದನ್ನೇ ಹಾಕುವವರ ವಾದದಲ್ಲೂ ಹುರುಳಿದೆ. ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡುತ್ತಿದ್ದರೆ, ಬಾಡಿಯ ಒಳಗೆಲ್ಲ ಬಿಳಿ ಪುಡಿ ಕಟ್ಟಿ ಲೋಹ ತಿಂದಿದ್ದರೆ, ಸೀಟು ಬಿಚ್ಚಲು ಬಾರದಂತೆ ಬಾಡಿಗೇ ಒತ್ತಿ ಕೂರಿಸಿದ್ದರೆ ಕಿಟ್ ಹಾಕುವುದು ವ್ಯರ್ಥ. ಹಳೆಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಅಥವಾ ಹೋಂಡಾ ಎಂಜಿನ್ನಿನ ಮೂಲ ಬಿಡಿಭಾಗ ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಅದರ ನಕಲು ಕಾರ್ಬೊರೇಟರ್ ಮಾತ್ರ ಮನೆ ಬಾಗಿಲಿಗೇ ಬರುತ್ತದೆ. ಆದರೆ ನಕಲಿನಲ್ಲಿ ಜೆಟ್ಟಿನ ತೂತು ಕೊಂಚ ಹೆಚ್ಚುಕಡಿಮೆಯಾದರೂ ಎಂಜಿನ್ ಹೊಗೆ ಕಾರುತ್ತದೆ ಇಲ್ಲವೇ ಕಾದು ಬಳಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಟ್ಯಾಂಕಿನೊಳಗಿನ ತುಕ್ಕು ಮತ್ತು ನೀರು ಹಾಗೆಯೇ ಇದ್ದರೆ ಹೊಸ ನೀಡಲಿಗೂ ಹಳೆಯದರ ಗತಿಯೇ.

ಈ ಕಸ ಬರುವುದೆಲ್ಲಿಂದ ಎಂದು ಕೇಳಿದರೆ ಮಾತು ವರ್ಕ್‌ಶಾಪಿನಿಂದ ಸ್ಟೋರ್ ರೂಮಿಗೆ ಬರುತ್ತದೆ. ನಮ್ಮ ಶಾಲೆ, ಕಾಲೇಜು, ಲೇಔಟುಗಳ ಹುಲ್ಲಿನ ಯಂತ್ರಗಳು ಮಳೆಗಾಲದಲ್ಲಿ ಬಿಡುವಿಲ್ಲದೆ ದುಡಿದು, ಹುಲ್ಲು ಒಣಗಿದ ಮೇಲೆ ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ತಿಂಗಳುಗಟ್ಟಲೆ ಮೂಲೆ ಸೇರುತ್ತವೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು, ಎಥನಾಲ್ ಎರಡೂ ಬೇರ್ಪಟ್ಟು ಬಟ್ಟಲಿನ ತಳ ಸೇರಿ ಲೋಹವನ್ನು ತಿನ್ನುತ್ತವೆ. ಹಳೆಯ ರಬ್ಬರ್, ಕಾರ್ಕ್ ಪ್ಯಾಕಿಂಗುಗಳು ಅದನ್ನು ತಡೆಯಲು ಮಾಡಿದವಲ್ಲ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ ತನ್ನ ಎಂಜಿನ್‌ಗಳಿಗೆ ಹೇಳುವ ಮಿತಿಯೇ ಶೇ. 10. ಇಂಧನ ನೀತಿಯನ್ನು ನಾವು ಬದಲಿಸಲಾಗದು. ಕೆಲಸದ ಹಂಗಾಮು ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ತೀರುವ ತನಕ ಎಂಜಿನ್ ಓಡಿಸಿ ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ನಳಿಗೆಯ ನಡುವೆ ಒಂದು ಕಾಕ್ ಹಾಕಿಸುವುದೂ ಅಷ್ಟೇ ಸುಲಭ.

ತಪ್ಪು ಮೆಕ್ಯಾನಿಕ್ಕಿನದೊಂದೇ ಎನ್ನಲು ನನಗೆ ಮನಸ್ಸು ಬಾರದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲಿ ಬಹುತೇಕ ಎಲ್ಲಕ್ಕೂ ಫ್ಯುಯಲ್ ಇಂಜೆಕ್ಷನ್ ಬಂದಿದೆ. ದಿನಕ್ಕೆ ಹತ್ತಾರು ಕಾರ್ಬೊರೇಟರ್ ಬಿಚ್ಚಿ ಕೈ ಪಳಗಿದವರ ಮುಂದಿನ ತಲೆಮಾರಿಗೆ ಆ ಅಭ್ಯಾಸ ಸಿಗುತ್ತಿಲ್ಲ. ಉಳಿದ ಪಳಗಿದ ಕೈಗಳನ್ನೂ ನಾವು ಸರಿಯಾಗಿ ನಡೆಸಿಕೊಳ್ಳುವುದಿಲ್ಲ. ಹೊಸ ಕಾರ್ಬೊರೇಟರ್ ಹಾಕಿದವನಿಗೆ ಮರುಮಾತಾಡದೆ ಸಾವಿರ ಎಣಿಸುವ ಮಾಲೀಕ, ಅರ್ಧ ಗಂಟೆ ಕೂತು ಕಸ ಹುಡುಕಿ ತೆಗೆದವನಿಗೆ “ಏನೂ ಹಾಕಿಲ್ವಲ್ಲಪ್ಪ, ಇನ್ನೂರು ಯಾತಕ್ಕೆ?” ಎನ್ನುತ್ತಾನೆ. ಸಾಮಾನಿಗೆ ಬೆಲೆಯಿದೆ, ನೋಡಿದ್ದಕ್ಕಿಲ್ಲ. ಹೀಗಿರುವಾಗ ನೋಡದೆಯೇ ಬದಲಿಸುವ ರೂಢಿ ಬೆಳೆಯದೆ ಇನ್ನೇನಾದೀತು?

ಆದ್ದರಿಂದ ರಿಪೇರಿಯ ಗುಣಮಟ್ಟ ಅಳೆಯುವ ಕೆಲಸ ಮಾಲೀಕನಿಂದ ಶುರುವಾಗಬೇಕು. ಯಂತ್ರ ವಾಪಸ್ ಪಡೆಯುವಾಗ ಹಳೆಯ ನೀಡಲನ್ನೂ ಬಟ್ಟಲಿನಲ್ಲಿ ಸಿಕ್ಕಿದ ಕಸವನ್ನೂ ತೋರಿಸಲು ಕೇಳಿ. ತೋರಿಸಿ ಕಾರಣ ಹೇಳಿದವನಿಗೆ ಕೇಳಿದಷ್ಟು ಮಜೂರಿ ಕೊಡಿ. ತೋರಿಸಲು ಏನೂ ಇಲ್ಲದಿದ್ದರೆ, ಎಷ್ಟೇ ಅಗ್ಗಕ್ಕೆ ಮಾಡಿಕೊಟ್ಟಿದ್ದರೂ ಅದು ತೇಪೆಯೇ.