ಕಾಲು ಸವೆದ ಕುದುರೆ

ಹಳೇ ರಿವಾಲ್ವರ್ ಸಂಗ್ರಹಿಸುವವರ ಲೋಕದಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ಮುಕ್ಕಾಲು ಪಾಲು ಬಣ್ಣ ಹೋಗಿ ಕಂದುಗಟ್ಟಿದ ಒಂದು ಕೋಲ್ಟ್. ಪಕ್ಕದಲ್ಲಿ ಅದೇ ಮಾದರಿಯ, ಅದೇ ಕಾಲದ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಇನ್ನೊಂದು. ಸಾಮಾನ್ಯವಾಗಿ ಬೆಲೆ ಜಾಸ್ತಿ ಮೊದಲನೆಯದಕ್ಕೇ. ಅದರ ಮೇಲೆ ಉಳಿದಿರೋ ಚೂರುಪಾರು ಬಣ್ಣ ಕಾರ್ಖಾನೆಯದು. ಎರಡನೆಯದು ಆಮೇಲೆ ಯಾರೋ ಮಾಡಿಸಿದ ಹೊಸ ಪಾಲಿಶ್. ದುಡ್ಡಿದ್ದವರ ಹುಚ್ಚು ಅಂತ ನಕ್ಕು ಮುಂದೆ ಹೋಗಬಹುದು. ನನಗೆ ಮಾತ್ರ ಈ ಲೆಕ್ಕದಲ್ಲಿ ಅರ್ಧ ಸರಿ ಕಾಣುತ್ತೆ, ಇನ್ನರ್ಧ ಅನ್ಯಾಯ ಕಾಣುತ್ತೆ.

ನಮ್ಮ ಕಡೆ ರಿವಾಲ್ವರ್ ಅಂದ್ರೆ ಸಿನಿಮಾದ್ದು, ಇಲ್ಲಾ ಇನ್‌ಸ್ಪೆಕ್ಟರ್ ಸೊಂಟದ್ದು. ನನಗೆ ಇದರ ಗೀಳು ಹತ್ತಿದ್ದು ಆನ್‌ಸೈಟ್ ಅಂತ ಹಾರ್ಟ್‌ಫರ್ಡ್‌ಗೆ ಹೋದಾಗ. ಅದು ಇನ್ಶೂರೆನ್ಸ್ ಕಂಪನಿಗಳ ಊರು, ಹಾಗಾಗಿ ನಮ್ಮಂಥ ಸಾಫ್ಟ್‌ವೇರ್ ಕೂಲಿಗಳ ಊರೂ ಹೌದು. ಹೆದ್ದಾರಿಯಲ್ಲಿ ಹೋಗುವಾಗ ಈರುಳ್ಳಿ ಆಕಾರದ ನೀಲಿ ಗುಮ್ಮಟ, ಅದರ ಮೇಲೆ ಚಿನ್ನದ ಚುಕ್ಕಿಗಳು ಕಾಣಿಸುತ್ತವೆ. ಅದೇ ಸ್ಯಾಮ್ಯುಯೆಲ್ ಕೋಲ್ಟ್‌ನ ಬಂದೂಕು ಕಾರ್ಖಾನೆ. 1864ರಲ್ಲಿ ಸುಟ್ಟುಹೋಗಿ, ಅವನ ಹೆಂಡತಿ ಎಲಿಜಬೆತ್ ಮತ್ತೆ ಕಟ್ಟಿಸಿದ್ದು. ಅಂದ್ರೆ ಗುಮ್ಮಟವೂ ಒಂಥರಾ ರೀಫಿನಿಶ್ಶೇ! ಅಲ್ಲಿನ ಸ್ಟೇಟ್ ಲೈಬ್ರರಿ ಕಟ್ಟಡದಲ್ಲಿರುವ ಕನೆಕ್ಟಿಕಟ್ ಇತಿಹಾಸದ ಮ್ಯೂಸಿಯಂನಲ್ಲಿ ಕೋಲ್ಟ್‌ಗಳ ದೊಡ್ಡ ಸಂಗ್ರಹ ಇದೆ. ಚಳಿಗಾಲದ ಶನಿವಾರಗಳಲ್ಲಿ ನನಗೆ ಬೇರೆ ಕೆಲಸ ಇರಲಿಲ್ಲ.

ಬಣ್ಣ ಅಂತ ಬಾಯಿಗೆ ಬಂದಂತೆ ಹೇಳ್ತಿದ್ದೀನಿ, ಆದ್ರೆ ಇದು ಪೇಂಟ್ ಅಲ್ಲ. ಕೋವಿಯ ನೀಲಿ ಅಂದ್ರೆ ಕಬ್ಬಿಣದ್ದೇ ಆಕ್ಸೈಡಿನ ತೆಳು ಪದರ, ತುಕ್ಕಿನ ಸಂಭಾವಿತ ಅಕ್ಕ ಅನ್ನಿ. ಕುಲುಮೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ಹದ ಹಾಕೋದನ್ನು ನೋಡಿದವರಿಗೆ ಗೊತ್ತು: ಉಕ್ಕು ಕಾಯ್ತಾ ಹೋದಂತೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ. ಹತ್ತೊಂಬತ್ತನೇ ಶತಮಾನದ ಕಾರ್ಖಾನೆಗಳು ಇದನ್ನೇ ಇದ್ದಿಲಿನ ಒಲೆಯಲ್ಲಿ ಹತೋಟಿಯಿಂದ ಮಾಡುತ್ತಿದ್ದವು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಚೌಕಟ್ಟಿನದು ಇನ್ನೊಂದು ವಿದ್ಯೆ. ಎಲುಬಿನ ಇದ್ದಿಲು, ಮರದ ಇದ್ದಿಲಿನ ಜೊತೆ ಪೆಟ್ಟಿಗೆಯಲ್ಲಿ ತುಂಬಿ, ಕೆಂಪಗೆ ಕಾಯಿಸಿ, ದಢಕ್ಕನೆ ನೀರಿಗೆ ಸುರಿಯೋದು. ಮೇಲ್ಮೈ ಗಟ್ಟಿಯಾಗುತ್ತೆ, ಜೊತೆಗೆ ಬೂದಿ, ನೀಲಿ, ಹುಲ್ಲುಬಣ್ಣದ ಮೋಡಗಳು ಮೂಡುತ್ತವೆ. ಒಂದರಂತೆ ಇನ್ನೊಂದಿಲ್ಲ.

ಕಾಲವೇ ಕೆಲವು ಸುಳ್ಳುಗಳನ್ನು ಹಿಡಿದುಕೊಡುತ್ತೆ. ಕುದಿಯುವ ಕ್ಷಾರದಲ್ಲಿ ಅದ್ದಿ ತೆಗೆಯುವ ಕಪ್ಪುಮಿಶ್ರಿತ ನೀಲಿ ಬಳಕೆಗೆ ಬಂದದ್ದು 1930ರ ದಶಕದ ಹೊತ್ತಿಗೆ. 1890ರ ರಿವಾಲ್ವರ್ ಮೂಲೆಮೂಲೆಯೂ ಮಸಿಯಂತೆ ಏಕಸಮ ಕಪ್ಪಾಗಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ. ನಿಕಲ್‌ಗೆ ಒಂಚೂರು ಹಳದಿ ಬೆಚ್ಚನೆ ಛಾಯೆ. ಕ್ರೋಮ್ ತಣ್ಣಗೆ, ನೀಲಿಗೆ ತಿರುಗುತ್ತೆ. ಕ್ರೋಮ್ ಲೇಪನ ವ್ಯಾಪಾರಕ್ಕೆ ಬಂದದ್ದೇ 1920ರ ದಶಕದಲ್ಲಿ. ಅಜ್ಜನ ಕಾಲದ ಪಿಸ್ತೂಲಿಗೆ ಕ್ರೋಮ್ ಅಂದ್ರೆ ಹಂಪಿಯ ಮಂಟಪಕ್ಕೆ ವಿಟ್ರಿಫೈಡ್ ಟೈಲ್ಸ್.

ಆದ್ರೆ ನಿಜವಾದ ಸಾಕ್ಷಿ ಬಣ್ಣದಲ್ಲಿ ಇಲ್ಲ, ಅದರ ಕೆಳಗಿನ ಲೋಹದಲ್ಲಿದೆ. ಬಣ್ಣ ಹಾಕೋಕೆ ಮುಂಚೆ ತುಕ್ಕಿನ ಗುಳಿ ತೆಗೀಬೇಕು, ಅದಕ್ಕೆ ಲೋಹವನ್ನೇ ಉಜ್ಜಬೇಕು. ಕಾರ್ಖಾನೆಯ ಪಾಲಿಶ್‌ಗಾರ ಗಟ್ಟಿ ಚಕ್ರದ ಮೇಲೆ ಹಿಡಿದು ಚಪ್ಪಟೆಯದನ್ನು ಚಪ್ಪಟೆಯಾಗೇ, ಅಂಚನ್ನು ಅಂಚಾಗೇ ಉಳಿಸುತ್ತಿದ್ದ. ವರ್ಷಗಟ್ಟಲೆ ಕೂತು ಕಲಿತ ಕೈ ಅದು. ಗಲ್ಲಿಯ ಅಂಗಡಿಯವನದು ಮೆತ್ತನೆ ಬಟ್ಟೆಯ ಚಕ್ರ, ಮೇಲಾಗಿ ಅವಸರ. ಬಟ್ಟೆ ಸ್ಕ್ರೂ ತೂತಿನೊಳಗೆ ಇಳಿದು ಸುತ್ತ ಬಟ್ಟಲಿನಂತೆ ತಗ್ಗು ಮಾಡುತ್ತೆ. ಅಂಚುಗಳು ಸೋಪಿನ ಬಿಲ್ಲೆಯಂತೆ ದುಂಡಗಾಗುತ್ತವೆ. ಅಕ್ಷರಗಳು ಒಂದು ಬದಿಯಲ್ಲಿ ಆಳ, ಇನ್ನೊಂದು ಬದಿಯಲ್ಲಿ ಮಾಸಲು. ಕೋಲ್ಟ್‌ನ ಎಡಬದಿಯಲ್ಲಿ ಹಿಂಗಾಲ ಮೇಲೆ ನಿಂತ ಕುದುರೆಯ ಮುದ್ರೆ ಇರುತ್ತಲ್ಲ, ಅದರ ಕಾಲುಗಳೇ ಮೊದಲು ಮಾಯವಾಗೋದು. ಮೇಲೆ ಎಷ್ಟು ಚಂದದ ನೀಲಿ ಹಾಕಿದರೂ ಆ ಕುದುರೆ ಕುಂಟು.

ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಇನ್ನೂ ಮಜಾ ಇದೆ. ಮಡಚಿ ತೆರೆಯುವ ಹಳೇ ನಿಕಲ್ ಮಾದರಿಗಳಲ್ಲಿ ಟ್ರಿಗರ್ ಸುತ್ತಲಿನ ಬಳೆಯನ್ನೂ ನಳಿಗೆಯ ಚಿಲಕವನ್ನೂ ಕಾರ್ಖಾನೆ ನೀಲಿಯಾಗೇ ಬಿಡುತ್ತಿತ್ತು. ಹ್ಯಾಮರ್, ಟ್ರಿಗರ್‌ಗಳಿಗೆ ಆ ಮೋಡದ ಬಣ್ಣ. ಮರುಲೇಪನ ಮಾಡುವವನಿಗೆ ಇದು ಅರೆಬರೆ ಕೆಲಸದಂತೆ ಕಂಡು ಎಲ್ಲವನ್ನೂ ನಿಕಲ್ ತೊಟ್ಟಿಗೆ ಅದ್ದುತ್ತಾನೆ. ತುದಿಯಿಂದ ಬುಡದವರೆಗೆ ಬೆಳ್ಳಿಯಂತೆ ಹೊಳೆಯುವ ಪೀಸು ಅಲ್ಲೇ ಸಿಕ್ಕಿಬೀಳುತ್ತೆ. ತಾಳೆಗರಿ ಪ್ರತಿ ಮಾಡುವವರೂ ಇದನ್ನೇ ಮಾಡಿದ್ದಾರೆ, ಅಲ್ವಾ? ಅರ್ಥವಾಗದ ಹಳೇ ಪದ ತೆಗೆದು ಸುಲಭದ್ದನ್ನು ಹಾಕೋದು. ಗ್ರಂಥಸಂಪಾದಕರು ಕಠಿಣ ಪಾಠವನ್ನೇ ಹೆಚ್ಚು ನಂಬುವುದು ಅದಕ್ಕೇ.

ಇಲ್ಲಿವರೆಗೆ ನಾನು ಸಂಗ್ರಾಹಕರ ಕಡೆ. ಮುಂದಿನದಕ್ಕೆ ತಕರಾರಿದೆ.

1873ರಿಂದ ಅಮೆರಿಕದ ಅಶ್ವದಳಕ್ಕೆ ಏಳೂವರೆ ಅಂಗುಲ ನಳಿಗೆಯ ಕೋಲ್ಟ್‌ಗಳು ಹೋದವು. ಅಲ್ಲಿನ ಮೂಲನಿವಾಸಿಗಳ ಮೇಲೆ ನಡೆದ ಯುದ್ಧಗಳಲ್ಲಿ ಇದ್ದದ್ದು ಇವೇ. 1895ರಿಂದಾಚೆ ಸೇನೆ ಅವನ್ನು ವಾಪಸು ತರಿಸಿ ನಳಿಗೆಯನ್ನು ಐದೂವರೆ ಅಂಗುಲಕ್ಕೆ ಕತ್ತರಿಸಿ, ಬಿಚ್ಚಿ ಜೋಡಿಸುವಾಗ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೊಸ ಬಣ್ಣ ಕೊಟ್ಟಿತು. ನಂಬರುಗಳು ಕಲಸುಮೇಲೋಗರ. ಇವಕ್ಕೆ ಆರ್ಟಿಲರಿ ಮಾಡೆಲ್ ಅಂತ ಹೆಸರು, ಸಂಗ್ರಾಹಕರಲ್ಲಿ ಗೌರವದ ಜಾಗ. ಸರ್ಕಾರ ಮಾಡಿದ ಬದಲಾವಣೆ, ಆದ್ದರಿಂದ ಅದು ಇತಿಹಾಸ.

ಇನ್ನೊಂದು ಕಡೆ, ಮಳೆ ಬೆವರಿನಲ್ಲಿ ಬಣ್ಣ ಕಳಕೊಂಡ ಸ್ಮಿತ್ ಅಂಡ್ ವೆಸನ್ ಒಂದನ್ನು ಯಾವನೋ ಪೇದೆ ಸ್ಪ್ರಿಂಗ್‌ಫೀಲ್ಡ್‌ನ ಕಾರ್ಖಾನೆಗೇ ಕಳಿಸಿ ಹೊಸದು ಮಾಡಿಸಿಕೊಂಡ ಅನ್ನಿ. ಕಾರ್ಖಾನೆ ಅದನ್ನು ಮುಚ್ಚಿಡಲಿಲ್ಲ. ಇಂಥವುಗಳ ಬುಡದ ನಂಬರಿನ ಹತ್ತಿರ ನಕ್ಷತ್ರ ಇರುತ್ತೆ. ಹಿಡಿಯ ಕೆಳಗೆ ತಿಂಗಳು-ವರ್ಷ, ಮಾಮೂಲಿ ನೀಲಿಯಾದರೆ ಆರ್-ಎಸ್, ನಿಕಲ್ ಆದರೆ ಆರ್-ಎನ್ ಅಂತ ಗುರುತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅಚ್ಚುಕಟ್ಟಾದ ಕಮಿಟ್ ಮೆಸೇಜು. ಯಾರು, ಯಾವಾಗ, ಏನು ಬದಲಿಸಿದರು ಎಲ್ಲ ಇದೆ. ಆದರೂ ನಕ್ಷತ್ರ ಕಂಡ ತಕ್ಷಣ ಕೊಳ್ಳುವವನ ಮುಖ ಬಾಡುತ್ತೆ, ಬೆಲೆ ಇಳಿಯುತ್ತೆ. ಸೇನೆ ನಳಿಗೆ ಕತ್ತರಿಸಿದರೆ ಇತಿಹಾಸ, ಪೇದೆ ಸಂಬಳದ ದುಡ್ಡಲ್ಲಿ ನೀಲಿ ಹಾಕಿಸಿದರೆ ಕಲಬೆರಕೆ. ಇದ್ಯಾವ ನ್ಯಾಯ? ಆಯುಧವನ್ನು ದಿನಾ ಸೊಂಟದಲ್ಲಿ ಹೊತ್ತವನ ಬದುಕಿಗಿಂತ, ಯಾರೂ ಮುಟ್ಟದೆ ಡ್ರಾಯರಿನಲ್ಲಿ ಮಲಗಿದ್ದಕ್ಕೇ ಇವರ ಮರ್ಯಾದೆ.

ಇದೇ ಅಭಿರುಚಿ ಖೋಟಾ ಕಸುಬನ್ನೂ ಸಾಕುತ್ತಿದೆ. ಸವೆದ ಅಕ್ಷರಗಳನ್ನು ಮತ್ತೆ ಕೊರೆದು, ಎಲುಬಿನ ಇದ್ದಿಲಲ್ಲೇ ಬಣ್ಣ ತರಿಸಿ, ಆಮೇಲೆ ಸವೆಯಬೇಕಾದ ಕಡೆ ಬೇಕಂತಲೇ ಸವೆಸುವ ಕೈಗಳಿವೆ. ಟಾರ್ಚ್ ಹಿಡಿದು ಕಾಮನಬಿಲ್ಲಿನ ಪಟ್ಟಿ ಬರಿಸುವ ಚಿಲ್ಲರೆ ಜನರ ವಿಷಯ ಬಿಡಿ, ಅವರು ಹತ್ತು ಅಡಿ ದೂರದಿಂದಲೇ ಗೊತ್ತಾಗ್ತಾರೆ. ನುರಿತವರ ಕೆಲಸ ಹಾಗಲ್ಲ. ಮಾರುವಾಗ ಜೊತೆಗೆ ಕೋಲ್ಟ್ ದಾಖಲೆಗಳಿಂದ ತೆಗೆಸಿದ ಪತ್ರ ಬೇರೆ: ಇಂಥ ನಂಬರಿನದು ಇಂಥ ದಿನ ನೀಲಿ ಬಣ್ಣದಲ್ಲಿ ಹೊರಟಿತು ಅಂತ. ಪತ್ರ ಅಸಲಿಯೇ. ಆದರೆ ಅಂದು ನೀಲಿ ಇತ್ತು ಅನ್ನುತ್ತೆ ಹೊರತು, ಇಂದು ಮೇಲಿರೋ ನೀಲಿ ಅದೇ ಅನ್ನೋದಿಲ್ಲ. ಜಾತಕ ಸರಿ ಇದೆ ಅಂದಮಾತ್ರಕ್ಕೆ ಎದುರಿಗೆ ಕೂತವನೇ ವರ ಆಗಿಬಿಡ್ತಾನಾ?

ನನ್ನ ತಕ್ಕಡಿಯಲ್ಲಿ ನಕ್ಷತ್ರ ಹೊಡೆಸಿಕೊಂಡ ಪೇದೆಯ ಸ್ಮಿತ್ ಅಂಡ್ ವೆಸನ್ ಮೇಲೆ, ಈ ನುರಿತ ಕೋಲ್ಟ್ ಕೆಳಗೆ. ಮುಟ್ಟದೇ ಉಳಿದವುಗಳ ಬಗ್ಗೆ ನನಗೇನೂ ದ್ವೇಷವಿಲ್ಲ. ಹಳೇ ಸಿಂಗಲ್ ಆಕ್ಷನ್ ಒಂದರ ಹಿಡಿ ಬಿಚ್ಚಿಸಿ ನೋಡುವ ಅವಕಾಶ ಒಮ್ಮೆ ಸಿಕ್ಕಿತ್ತು. ಹೊರಗೆ ಚೌಕಟ್ಟೆಲ್ಲ ಬೂದಿ, ಬಿಸಿಲಿಗೂ ಕೈಬೆವರಿಗೂ ಬಣ್ಣ ಎಂದೋ ಹೋಗಿದೆ. ಒಳಗೆ, ಮರದ ಮರೆಯಲ್ಲಿ, ಎರಡು ಬೆರಳಗಲ ಜಾಗದಲ್ಲಿ ಆ ಮೋಡಗಳು ಹಾಗೇ ಇದ್ದವು. ನೀಲಿ, ಹುಲ್ಲುಬಣ್ಣ, ಅಂಚಿನಲ್ಲಿ ಚೂರು ನೇರಳೆ.