ಆಡಿದವರ ಜಾತಕವೂ ಆಡಿದ ಮಾತೂ

ವಾದದಲ್ಲಿ ಉತ್ತರ ಹೊಳೆಯದಿದ್ದಾಗ ಮಾತು ವಿಷಯವನ್ನು ಬಿಟ್ಟು ವ್ಯಕ್ತಿಯ ಮೇಲೆ ಹೊರಳುತ್ತದೆ. ‘ಇದನ್ನೆಲ್ಲ ಹೇಳೋಕೆ ಇವರ್ಯಾರು?’ ಎಂದು ಒಬ್ಬರು ಕೇಳಿದರೆ ಸಾಕು, ‘ಹೇಳಿದ್ದು ನಿಜವೇ?’ ಎಂಬ ಪ್ರಶ್ನೆ ಮೂಲೆಗೆ ಬೀಳುತ್ತದೆ. ಟಿ.ವಿ. ಚರ್ಚೆಗಳಲ್ಲೂ ಸಾಹಿತ್ಯದ ಜಗಳಗಳಲ್ಲೂ ಇದು ನಿತ್ಯದ ಸಂಗತಿ. ಒರಟುತನವೆಂದು ಬೈದು ಸುಮ್ಮನಾದರೆ ಸಾಲದು. ಇದರಿಂದ ಕೆಡುವುದೇನು ಎಂದು ತಿಳಿಯಲು ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಎದುರಿಸಿದ ವಿರೋಧವನ್ನು ನೋಡಬೇಕು.

1962ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಪುಸ್ತಕ, ಡಿಡಿಟಿಯಂಥ ಕೀಟನಾಶಕಗಳನ್ನು ಹಿಂದುಮುಂದು ನೋಡದೆ ಸುರಿಯುವುದನ್ನು ಪ್ರಶ್ನಿಸಿತು. ಅದರಲ್ಲಿ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರದ ಪ್ರಸಂಗ ಬರುತ್ತದೆ. ನುಸಿಯ ಕಾಟ ತಡೆಯಲೆಂದು ಅಲ್ಲಿನ ನೀರಿಗೆ ಡಿಡಿಡಿ ಎಂಬ ರಾಸಾಯನಿಕ ಬೆರೆಸಿದ್ದರು. ಅದರ ಪ್ರಮಾಣ 10 ಲಕ್ಷ ಪಾಲು ನೀರಿಗೆ ಬರೀ 0.02 ಪಾಲು. ಆ ವಿಷ ಸೂಕ್ಷ್ಮಜೀವಿಗಳಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ದಾಟುತ್ತ ಹೆಚ್ಚಿತು. ಗ್ರೀಬ್ ಎಂಬ ನೀರುಹಕ್ಕಿಗಳು ಸತ್ತಾಗ ಅವುಗಳ ಕೊಬ್ಬಿನಲ್ಲಿ ಕಂಡದ್ದು 10 ಲಕ್ಷಕ್ಕೆ 1,600 ಪಾಲು. ಇದನ್ನು ಅಲ್ಲಗಳೆಯುವವರು ಅಳತೆ ತಪ್ಪೆಂದು ತೋರಿಸಬೇಕಿತ್ತು, ಇಲ್ಲವೇ ಹಕ್ಕಿಗಳ ಸಾವಿಗೆ ಬೇರೆ ಕಾರಣ ಕೊಡಬೇಕಿತ್ತು.

ಆದರೆ ಅನೇಕರು ಹಿಡಿದದ್ದು ಬೇರೆ ದಾರಿ. ಕೀಟನಾಶಕ ತಯಾರಿಸುವ ವೆಲ್ಸಿಕಾಲ್ ಕಂಪನಿ ಪ್ರಕಾಶಕರಿಗೆ ಪತ್ರ ಬರೆದು, ಇಂಥ ಟೀಕೆಗಳ ಹಿಂದೆ ಅಮೆರಿಕದ ಕೃಷಿಯನ್ನು ಕಮ್ಯುನಿಸ್ಟ್ ದೇಶಗಳ ಮಟ್ಟಕ್ಕೆ ಇಳಿಸುವ ಹುನ್ನಾರವಿದೆ ಎಂದು ಸೂಚಿಸಿತು. ಮದುವೆಯಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಮುಂದಿನ ಪೀಳಿಗೆಯ ಚಿಂತೆ ಯಾಕೆ ಎಂಬ ಮಾತೂ ಹರಿದಾಡಿತು. ಆಕೆಗೆ ಡಾಕ್ಟರೇಟ್ ಇಲ್ಲ ಎಂದವರೂ ಇದ್ದರು. ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವರು ಕಾರ್ಸನ್. ಅವರಿಗೆ ಸ್ತನ ಕ್ಯಾನ್ಸರ್ ಇತ್ತು. ಅದು ಗೊತ್ತಾದರೆ ಪುಸ್ತಕವನ್ನೇ ರೋಗಿಯ ಸಿಟ್ಟೆಂದು ತಳ್ಳಿಹಾಕಿಬಿಡುತ್ತಾರೆಂದು ಅದನ್ನು ಹೊರಗೆ ತಿಳಿಯಗೊಡಲಿಲ್ಲ. ವ್ಯಕ್ತಿನಿಂದೆಯ ಕ್ರೌರ್ಯ ನನಗೆ ಹೆಚ್ಚಾಗಿ ಕಾಣುವುದು ಇಲ್ಲಿ. ಸಾಯುವಷ್ಟು ಕಾಯಿಲೆಯಾದ ಮನುಷ್ಯರೂ ತಮ್ಮ ಮಾತಿನ ರಕ್ಷಣೆಗಾಗಿ ನೋವನ್ನು ಮುಚ್ಚಿಡುವಂತೆ ಅದು ಮಾಡುತ್ತದೆ.

ಇದೇ ನ್ಯಾಯ ಎದುರು ಪಕ್ಷಕ್ಕೂ ಸಲ್ಲಬೇಕು. ರಾಸಾಯನಿಕ ಕಂಪನಿಯೊಂದರ ವಿಜ್ಞಾನಿ ರಾಬರ್ಟ್ ವೈಟ್-ಸ್ಟೀವನ್ಸ್, ಕಾರ್ಸನ್ ಮಾತು ಕೇಳಿದರೆ ಕೀಟಗಳೂ ರೋಗಗಳೂ ಭೂಮಿಯನ್ನು ಆಳುತ್ತವೆ ಎಂದು ಎಚ್ಚರಿಸಿದರು. ಅವರು ಕಂಪನಿಯ ಸಂಬಳ ತಿನ್ನುವವರು ಎನ್ನುವುದು ಅದಕ್ಕೆ ಉತ್ತರವಲ್ಲ. ಕಾರ್ಸನ್ ಕೀಟನಾಶಕಗಳನ್ನು ಪೂರ್ತಿ ನಿಲ್ಲಿಸಿ ಎಂದಿರಲೇ ಇಲ್ಲ, ಅದು ಉತ್ತರ. ಹೇಳುವವರಿಗೆ ಲಾಭವಿದೆ ಎಂದಾದರೆ ಅವರ ಮಾತನ್ನು ಇನ್ನಷ್ಟು ಜಾಗರೂಕತೆಯಿಂದ ಪರೀಕ್ಷಿಸಬೇಕು. ಪರೀಕ್ಷೆಯನ್ನೇ ಕೈಬಿಡಲು ಅದು ಕಾರಣವಾಗಬಾರದು.

ನಮ್ಮ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸಿದೆ. ಸತ್ಯ ತಿಳಿಯಲು ನಡೆಸುವುದು ವಾದ. ಗೆಲ್ಲಲೆಂದೇ ನಡೆಸುವುದು ಜಲ್ಪ. ತನ್ನ ಪಕ್ಷವೆಂದು ಏನನ್ನೂ ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡವುವುದಷ್ಟೇ ವಿತಂಡ. ಗಮನಿಸಿ, ವಿತಂಡವಾದಿ ಕೂಡ ಎದುರಾಳಿಯ ವಾದಕ್ಕೆ ಕೈಹಾಕಲೇಬೇಕು. ವ್ಯಕ್ತಿನಿಂದೆ ಮಾಡುವವರು ಅದನ್ನು ಮುಟ್ಟುವುದೇ ಇಲ್ಲ. ವಿತಂಡವಾದದ ಮಟ್ಟಕ್ಕೂ ಏರದ ಮಾತಿಗೆ ನಾವು ಚಪ್ಪಾಳೆ ತಟ್ಟುತ್ತಿದ್ದೇವೆ.

ಅಧ್ಯಕ್ಷ ಕೆನಡಿ ಅವರ ವಿಜ್ಞಾನ ಸಲಹಾ ಸಮಿತಿ ಮಾಡಿದ್ದು ಸರಿಯಾದ ಕೆಲಸ. ಅದು ಕಾರ್ಸನ್ ಅವರ ಹಿನ್ನೆಲೆ ಕೆದಕಲಿಲ್ಲ, ಪುರಾವೆಗಳನ್ನು ತೂಗಿತು. 1963ರ ಮೇನಲ್ಲಿ ಬಂದ ಅದರ ವರದಿ ಅವರ ಆತಂಕವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 1964ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅಮೆರಿಕದಲ್ಲಿ ಡಿಡಿಟಿ ಬಳಕೆಗೆ ನಿಷೇಧ ಬಂದದ್ದು 1972ರಲ್ಲಿ.

ಪೂರ್ವಪಕ್ಷವನ್ನು ಮೊದಲು ಮಂಡಿಸಿ ಆಮೇಲೆ ಖಂಡಿಸುವುದು ನಮ್ಮ ಭಾಷ್ಯಕಾರರ ಶಿಸ್ತು. ಚರ್ಚೆ ನಡೆಸುವವರು ಇದೊಂದನ್ನು ಕಡ್ಡಾಯ ಮಾಡಲಿ: ಎದುರಿನವರು ಹೇಳಿದ್ದನ್ನು ಅವರೇ ಒಪ್ಪುವಂತೆ ಹೇಳಿ ತೋರಿಸದೆ ಯಾರೂ ಪ್ರತಿವಾದ ಶುರುಮಾಡಬಾರದು. ಹಾಗೆ ಹೇಳಲಾಗದವರಿಗೆ ಬೈಯುವ ಹಕ್ಕಿರಲಿ, ಖಂಡಿಸುವ ಹಕ್ಕೂ ಇಲ್ಲ.